ಸೊನ್ನೆಯೇ ಅಲುಗುತ್ತಿದ್ದರೆ ಗೇನ್ ಏನು ಮಾಡೀತು?

ಈ ಸಲದ ಪ್ರಶ್ನೆಗಳಲ್ಲಿ ಬಹುಪಾಲು ಆಂಪ್ಲಿಫೈಯರ್‌ಗಳ ಬಗ್ಗೆಯೇ ಇವೆ. ‘ಗೇನ್ ಎಷ್ಟಿಡಲಿ?’, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸಲಿ, ಎಂದು ಕೇಳಿದವರೇ ಹೆಚ್ಚು. ‘ನನ್ನ ಸಿಗ್ನಲ್ ಇಷ್ಟು ಮೈಕ್ರೋವೋಲ್ಟ್, ಅದರಲ್ಲಿ ಇಷ್ಟು ತಪ್ಪಾದರೆ ನಡೆಯುತ್ತದೆ’ ಎಂದು ಬರೆದವರು ಒಬ್ಬರೂ ಇಲ್ಲ. ಅಳತೆಯ ಉಪಕರಣಗಳ ನಡುವೆಯೇ ತಲೆ ನರೆತ ನನಗೆ ಗೇನ್ ಎಂದೂ ದೊಡ್ಡ ಸಮಸ್ಯೆಯಾಗಿ ಕಂಡಿಲ್ಲ. ಎರಡು ರೆಸಿಸ್ಟರ್ ಇಟ್ಟರೆ ಅದು ಸಿಗುತ್ತದೆ. ಆದರೆ ಸಿಗ್ನಲ್ ಜೊತೆ ಒಳಗೆ ಬಂದ ತಪ್ಪೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಆದ್ದರಿಂದ ಕೆಳಗೆ ಎಲ್ಲ ಕಡೆಯೂ ತಪ್ಪನ್ನು ಇನ್‌ಪುಟ್ ತುದಿಗೆ ತಂದು ನಿಲ್ಲಿಸಿ ಲೆಕ್ಕ ಹಾಕಿದ್ದೇನೆ. ಔಟ್‌ಪುಟ್‌ನಲ್ಲಿ ನಿಂತು ನೋಡಿದರೆ ಯಾವುದು ಸಿಗ್ನಲ್, ಯಾವುದು ಕಸ ಎಂದು ಗೊತ್ತಾಗುವುದಿಲ್ಲ.

ಪ್ರಶ್ನೆ: ಕೆ ಮಾದರಿಯ ಥರ್ಮೋಕಪಲ್‌ಗೆ (ಎರಡು ಬಗೆಯ ಲೋಹದ ತಂತಿ ಬೆಸೆದ ಉಷ್ಣ ಸಂವೇದಕ) ಎಲ್‌ಎಂ358 ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್) ಬಳಸಿ 250 ಗೇನ್ ಇರುವ ಆಂಪ್ಲಿಫೈಯರ್ ಕಟ್ಟಿದ್ದೇನೆ. ಮೊದಲು ಸುಮಾರು 50 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಬೆಳಿಗ್ಗೆ ಕುದಿಯುವ ನೀರಿನಲ್ಲಿ ತುದಿಯನ್ನು ಅದ್ದಿ, ಪ್ರಿಸೆಟ್ (ಬೇಕಾದಷ್ಟಕ್ಕೆ ಹೊಂದಿಸುವ ರೆಸಿಸ್ಟರ್) ತಿರುಗಿಸಿ 100ಕ್ಕೆ ತಂದೆ. ಮಧ್ಯಾಹ್ನ ಅದೇ ಕುದಿಯುವ ನೀರಿಗೆ 87 ತೋರಿಸಿತು. ಕೋಣೆಯ ಉಷ್ಣತೆ ಆ ಹೊತ್ತಿಗೆ 11 ಡಿಗ್ರಿ ಏರಿತ್ತು. ಥರ್ಮೋಕಪಲ್ ಕೆಟ್ಟಿದೆಯೇ?
— ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಕೋಣೆಯ ಉಷ್ಣತೆಯನ್ನೂ ಬರೆದುಕೊಂಡಿರಲ್ಲ, ಅದಕ್ಕೆ ಶಹಬ್ಬಾಸ್. ಆ ಒಂದು ಅಂಕಿ ಇರದಿದ್ದರೆ ನಾನು ಊಹೆಯ ಉತ್ತರ ಕೊಡಬೇಕಾಗುತ್ತಿತ್ತು. ಥರ್ಮೋಕಪಲ್ ಚೆನ್ನಾಗಿದೆ, ಅದು ತನಗೆ ಗೊತ್ತಿರುವುದನ್ನು ಪ್ರಾಮಾಣಿಕವಾಗಿ ಹೇಳುತ್ತಿದೆ.

ಕೆ ಮಾದರಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಎಲ್‌ಎಂ358ರ ಇನ್‌ಪುಟ್ ಆಫ್‌ಸೆಟ್, ಅಂದರೆ ಸಿಗ್ನಲ್ ಇಲ್ಲದಾಗಲೂ ಇನ್‌ಪುಟ್‌ನಲ್ಲಿ ಇರುವಂತೆ ಕಾಣುವ ವೋಲ್ಟೇಜ್, ಸಾಮಾನ್ಯವಾಗಿ 2 ಮಿಲಿವೋಲ್ಟ್ ಆಸುಪಾಸು ಇರುತ್ತದೆ, 7 ಮಿಲಿವೋಲ್ಟ್‌ವರೆಗೂ ಇರಬಹುದೆಂದು ತಯಾರಕರೇ ಬರೆದಿದ್ದಾರೆ. 2 ಮಿಲಿವೋಲ್ಟನ್ನು 41 ಮೈಕ್ರೋವೋಲ್ಟ್‌ನಿಂದ ಭಾಗಿಸಿ ನೋಡಿ: 49. ಮೊದಲು ಕಂಡ 50 ಡಿಗ್ರಿ ಹೆಚ್ಚಳದ ಮೂಲ ಅದು. 7 ಮಿಲಿವೋಲ್ಟ್ ಇರುವ ಚಿಪ್ ಕೈಗೆ ಬಂದಿದ್ದರೆ 170 ಡಿಗ್ರಿ ತಪ್ಪು ಕಾಣುತ್ತಿತ್ತು. ಗೇನನ್ನು 250ರಿಂದ 500ಕ್ಕೆ ಏರಿಸಿದರೂ ಈ ತಪ್ಪು ಒಂದು ಡಿಗ್ರಿಯೂ ಕಡಿಮೆಯಾಗುವುದಿಲ್ಲ.

ಇನ್ನು ಮಧ್ಯಾಹ್ನದ 13 ಡಿಗ್ರಿ. ಥರ್ಮೋಕಪಲ್ ಅಳೆಯುವುದು ತುದಿಯ ಉಷ್ಣತೆಯನ್ನಲ್ಲ. ತುದಿಗೂ ಅದರ ತಂತಿಗಳು ನಿಮ್ಮ ಬೋರ್ಡಿನ ತಾಮ್ರಕ್ಕೆ ಸೇರುವ ಜಾಗಕ್ಕೂ ನಡುವಿನ ವ್ಯತ್ಯಾಸವನ್ನು. ಬೋರ್ಡು 11 ಡಿಗ್ರಿ ಬಿಸಿಯಾದರೆ ವ್ಯತ್ಯಾಸ 11 ಡಿಗ್ರಿ ಕುಗ್ಗುತ್ತದೆ. ಉಳಿದ 2 ಡಿಗ್ರಿಯನ್ನು ತಿಂದದ್ದು ಆಫ್‌ಸೆಟ್‌ನ ಅಲೆದಾಟ. ಎಲ್‌ಎಂ358ರಲ್ಲಿ ಅದು ಡಿಗ್ರಿಗೆ 7 ಮೈಕ್ರೋವೋಲ್ಟ್ ಆಸುಪಾಸು. 11 ಡಿಗ್ರಿಗೆ 77 ಮೈಕ್ರೋವೋಲ್ಟ್, ಅಂದರೆ ಹತ್ತಿರಹತ್ತಿರ 2 ಡಿಗ್ರಿ. ಪ್ರಿಸೆಟ್ ಇಂದಿನ ತಪ್ಪನ್ನು ಮುಚ್ಚಬಲ್ಲದು, ಮಧ್ಯಾಹ್ನದ ತಪ್ಪನ್ನಲ್ಲ. ಸಾಲದ್ದಕ್ಕೆ ಪ್ರಿಸೆಟ್ಟಿಗೂ ತನ್ನದೇ ಉಷ್ಣತಾ ಚಾಂಚಲ್ಯ ಇದೆ.

ಎರಡು ದಾರಿ ಇವೆ. ಸ್ವತಃ ಕಟ್ಟಿಯೇ ತೀರಬೇಕೆಂದಿದ್ದರೆ ಝೀರೋ-ಡ್ರಿಫ್ಟ್ ಜಾತಿಯ ಆಪ್-ಆಂಪ್ ಹಾಕಿ. ಉದಾಹರಣೆಗೆ ಒಪಿಎ333ರ ಆಫ್‌ಸೆಟ್ ಹೆಚ್ಚೆಂದರೆ 10 ಮೈಕ್ರೋವೋಲ್ಟ್, ಕಾಲು ಡಿಗ್ರಿ ಅಷ್ಟೇ. ಅದರ ಸಪ್ಲೈ 5.5 ವೋಲ್ಟ್ ಮೀರಕೂಡದು ಎಂಬುದನ್ನು ಮರೆಯಬೇಡಿ. ಥರ್ಮೋಕಪಲ್ ತಂತಿ ಬೋರ್ಡಿಗೆ ಸೇರುವ ಸ್ಕ್ರೂ ಟರ್ಮಿನಲ್‌ಗೆ ತಾಗಿಸಿ ಇನ್ನೊಂದು ಉಷ್ಣ ಸಂವೇದಕವಿಟ್ಟು, ಅದರ ಓದನ್ನು ಸಾಫ್ಟ್‌ವೇರ್‌ನಲ್ಲಿ ಕೂಡಿಸಿ. ಆ ಟರ್ಮಿನಲ್ ವೋಲ್ಟೇಜ್ ರೆಗ್ಯುಲೇಟರ್‌ನ ಪಕ್ಕದಲ್ಲಿರದಂತೆ ನೋಡಿಕೊಳ್ಳಿ. ಇಷ್ಟೆಲ್ಲ ಬೇಡವೆಂದರೆ ಎಡಿ8495 ಎಂಬ ಚಿಪ್ ಕೋಲ್ಡ್ ಜಂಕ್ಷನ್ (ತಂತಿ ಬೋರ್ಡಿಗೆ ಸೇರುವ ಜಾಗ) ಪರಿಹಾರವನ್ನು ಒಳಗೇ ಇಟ್ಟುಕೊಂಡು ಡಿಗ್ರಿಗೆ 5 ಮಿಲಿವೋಲ್ಟ್ ಕೊಡುತ್ತದೆ. ಕಲಿಯುವ ಆಸೆ ಇದ್ದರೆ ಮೊದಲ ದಾರಿ, ಕುಲುಮೆ ಓಡಿಸುವ ಅವಸರವಿದ್ದರೆ ಎರಡನೆಯದು.

ಇನ್ನೊಂದು ಮಾತು. ಸಮುದ್ರಮಟ್ಟದಿಂದ ಮೇಲಕ್ಕೆ ಹೋದಂತೆ ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಪುಡಿ ಮಾಡಿದ ಮಂಜುಗಡ್ಡೆಯನ್ನು ಶುದ್ಧ ನೀರಿನಲ್ಲಿ ಕಲಸಿದರೆ ಸಿಗುವ ಸೊನ್ನೆ ಎಲ್ಲ ಎತ್ತರದಲ್ಲೂ ನಂಬಿಕಸ್ಥ. ಆದರೆ ಅಲ್ಲಿ ಥರ್ಮೋಕಪಲ್ ಋಣ ವೋಲ್ಟೇಜ್ ಕೊಡುತ್ತದೆ: ಬೋರ್ಡು 25 ಡಿಗ್ರಿಯಲ್ಲಿದ್ದರೆ ಸರಿಯಾಗಿ ಒಂದು ಮಿಲಿವೋಲ್ಟ್ ಕೆಳಗೆ. ಒಂದೇ ಸಪ್ಲೈಯಿಂದ ನಡೆಯುವ ನಿಮ್ಮ ಸರ್ಕ್ಯೂಟ್ ಅದನ್ನು ಕಾಣಲಾರದು. ಉಲ್ಲೇಖ ಬಿಂದುವನ್ನು ಸ್ವಲ್ಪ ಮೇಲಕ್ಕೆತ್ತಿ ಇಡಬೇಕು.

ಪ್ರಶ್ನೆ: 10 ಕಿಲೋಗ್ರಾಂ ಲೋಡ್ ಸೆಲ್, ಅಂದರೆ ತೂಕದ ಸಂವೇದಕ (ವೋಲ್ಟಿಗೆ 2 ಮಿಲಿವೋಲ್ಟ್, 350 ಓಮ್ ಸೇತುವೆ, 5 ವೋಲ್ಟ್ ಪೂರೈಕೆ) ಇದೆ. 1 ಕಿಲೋ ಓಮ್ ಮತ್ತು 100 ಕಿಲೋ ಓಮ್ ರೆಸಿಸ್ಟರ್‌ಗಳ ಎರಡು ಜೋಡಿ ಇಟ್ಟು 100 ಗೇನ್ ಇರುವ ಡಿಫರೆನ್ಸ್ ಆಂಪ್ಲಿಫೈಯರ್ (ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಹಿಗ್ಗಿಸುವುದು) ಮಾಡಿದ್ದೇನೆ. ರೆಸಿಸ್ಟರ್‌ಗಳು ಶೇಕಡಾ 1ರವು. ತೂಕ ತಪ್ಪಾಗಿ ಬರುತ್ತಿತ್ತು, ಆದ್ದರಿಂದ ಆಪ್-ಆಂಪ್ ಬದಲಿಸಿ ಒಪಿ07 ಹಾಕಿದೆ. ಏನೂ ಬದಲಾಗಲಿಲ್ಲ. ಇನ್ನೂ ಒಳ್ಳೆಯ ಆಪ್-ಆಂಪ್ ಯಾವುದು?
— ತೂಕದ ಯಂತ್ರ ಕಟ್ಟುತ್ತಿರುವ ಹವ್ಯಾಸಿ

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಒಪಿ07 ನಿರಪರಾಧಿ. ಜ್ವರ ಇರುವುದು ಆ ನಾಲ್ಕು ರೆಸಿಸ್ಟರ್‌ಗಳಿಗೆ.

ಪೂರ್ತಿ 10 ಕಿಲೋ ಇಟ್ಟಾಗ ಸೇತುವೆಯ ವ್ಯತ್ಯಾಸ ವೋಲ್ಟೇಜ್ 10 ಮಿಲಿವೋಲ್ಟ್. ಅಂದರೆ ಒಂದು ಗ್ರಾಮಿಗೆ ಒಂದು ಮೈಕ್ರೋವೋಲ್ಟ್. ಲೆಕ್ಕ ನೆನಪಿಡಲು ಇದಕ್ಕಿಂತ ಸುಲಭದ ಸೆಲ್ ಸಿಗದು. ಆದರೆ ಆ ಎರಡೂ ತಂತಿಗಳು ನೆಲದಿಂದ 2.5 ವೋಲ್ಟ್ ಮೇಲೆ ಕುಳಿತಿವೆ. ಎರಡಕ್ಕೂ ಸಮಾನವಾದ ಈ 2.5 ವೋಲ್ಟನ್ನು ಆಂಪ್ಲಿಫೈಯರ್ ಪೂರ್ತಿ ಕಡೆಗಣಿಸಬೇಕು. ಎಷ್ಟು ಚೆನ್ನಾಗಿ ಕಡೆಗಣಿಸುತ್ತದೆ ಎಂಬುದೇ ಕಾಮನ್-ಮೋಡ್ ತಿರಸ್ಕಾರದ ಅನುಪಾತ. ನಾಲ್ಕು ರೆಸಿಸ್ಟರ್‌ಗಳ ಸರ್ಕ್ಯೂಟ್‌ನಲ್ಲಿ, ಆಪ್-ಆಂಪ್ ದೇವಲೋಕದಿಂದ ಇಳಿದು ಬಂದದ್ದಾದರೂ, ಅತಿ ಕೆಟ್ಟ ಸಂದರ್ಭದಲ್ಲಿ ಈ ಅನುಪಾತ ಗೇನ್‌ಗೆ ಒಂದನ್ನು ಕೂಡಿಸಿ, ರೆಸಿಸ್ಟರ್ ತಪ್ಪಿನ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು ಮಾತ್ರ. ನಿಮ್ಮಲ್ಲಿ 101 ಭಾಗಿಸು 0.04, ಸುಮಾರು 2,500. ಡೆಸಿಬೆಲ್‌ನಲ್ಲಿ 68. 2.5 ವೋಲ್ಟನ್ನು 2,500ರಿಂದ ಭಾಗಿಸಿದರೆ ಇನ್‌ಪುಟ್‌ನಲ್ಲಿ ಒಂದು ಮಿಲಿವೋಲ್ಟ್ ಸುಳ್ಳು ಸಿಗ್ನಲ್. ಅಂದರೆ ಖಾಲಿ ತಟ್ಟೆಯ ಮೇಲೆ ಒಂದು ಕಿಲೋಗ್ರಾಂ!

‘ಟೇರ್ ಒತ್ತಿ ಸೊನ್ನೆ ಮಾಡುತ್ತೇನೆ’ ಎನ್ನುತ್ತೀರಿ. ಮಾಡಿ. ರೆಸಿಸ್ಟರ್‌ಗಳು ಡಿಗ್ರಿಗೆ ಹತ್ತು ಲಕ್ಷದಲ್ಲಿ 100 ಭಾಗ ಬದಲಾಗುವಂಥವಾದರೆ, ಉಷ್ಣತೆ 10 ಡಿಗ್ರಿ ಏರಿದಾಗ ಒಂದೊಂದೂ ಶೇಕಡಾ 0.1ರಷ್ಟು ತನಗಿಷ್ಟ ಬಂದ ಕಡೆ ಸರಿಯಬಹುದು. ಅದೇ ಸೂತ್ರದಲ್ಲಿ ಹಾಕಿ ನೋಡಿ: ಸುಮಾರು 100 ಗ್ರಾಂ. ಟೇರ್ ಒತ್ತಿದ ಮೇಲೆ ನಿಮ್ಮ ತೂಕ ಮೆಲ್ಲನೆ ತೆವಳುವುದು ಇದರಿಂದ.

ಇನ್ನೂ ಇದೆ. ಸೇತುವೆಯ ಪ್ರತಿ ತುದಿಯಿಂದ ಒಳಗೆ ನೋಡಿದರೆ 175 ಓಮ್ ಕಾಣುತ್ತದೆ, ಅದು ನಿಮ್ಮ 1 ಕಿಲೋ ಓಮ್‌ಗೆ ಸರಣಿಯಲ್ಲಿ ಸೇರಿಕೊಳ್ಳುತ್ತದೆ. ಕಾಗದದ ಮೇಲಿನ 100 ಗೇನ್ ಬೋರ್ಡಿನ ಮೇಲೆ 85. ಸೆಲ್‌ನಿಂದ ಬರುವ ಒಂದು ತಂತಿಯ ಪ್ರತಿರೋಧ ಇನ್ನೊಂದಕ್ಕಿಂತ ಒಂದೇ ಒಂದು ಓಮ್ ಹೆಚ್ಚಿದ್ದರೂ ಸಮತೋಲ ತಪ್ಪಿ ಸುಮಾರು 25 ಗ್ರಾಂ ಸುಳ್ಳು ತೂಕ ಹುಟ್ಟುತ್ತದೆ. ತುಕ್ಕು ಹಿಡಿದ ಕನೆಕ್ಟರ್ ಒಂದು ಓಮ್ ಆಚೀಚೆ ಆಗಲು ಎಷ್ಟು ಹೊತ್ತು ಬೇಕು?

ಇದಕ್ಕಾಗಿಯೇ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಇರುವುದು. ಒಳಗೆ ಮೂರು ಆಪ್-ಆಂಪ್. ಮುಂದಿನ ಎರಡು ಸೇತುವೆಯಿಂದ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು, ಹೆಚ್ಚಿನ ಗೇನ್ ವ್ಯತ್ಯಾಸಕ್ಕೆ ಮಾತ್ರ ಸಿಗುತ್ತದೆ, ಸಮಾನ ವೋಲ್ಟೇಜ್ ಒಂದರ ಗೇನ್‌ನಲ್ಲೇ ದಾಟುತ್ತದೆ. ಹಿಂದಿನ ಕಳೆಯುವ ಹಂತದ ರೆಸಿಸ್ಟರ್‌ಗಳನ್ನು ಕಾರ್ಖಾನೆಯಲ್ಲೇ ಲೇಸರ್‌ನಿಂದ ಕೆರೆದು ಹೊಂದಿಸಿರುತ್ತಾರೆ. ಹಳೆಯ, ನಂಬಿಕಸ್ಥ ಎಡಿ620ರಲ್ಲಿ ಗೇನ್ ಎಂದರೆ 49.4 ಕಿಲೋ ಓಮನ್ನು ನೀವಿಡುವ ಒಂದೇ ರೆಸಿಸ್ಟರಿನಿಂದ ಭಾಗಿಸಿ ಒಂದನ್ನು ಕೂಡಿಸಿದ್ದು. 499 ಓಮ್ ಇಟ್ಟರೆ 100ಕ್ಕೆ ಕೂದಲೆಳೆಯಷ್ಟು ಕಡಿಮೆ. ಆ ಗೇನ್‌ನಲ್ಲಿ ಕಾಮನ್-ಮೋಡ್ ತಿರಸ್ಕಾರ ಕನಿಷ್ಠ 110 ಡೆಸಿಬೆಲ್. ನಿಮ್ಮ ಒಂದು ಕಿಲೋ ಸುಳ್ಳು ತೂಕ 8 ಗ್ರಾಮಿಗೆ ಇಳಿಯುತ್ತದೆ, ಅದನ್ನು ಟೇರ್ ನುಂಗಿಬಿಡುತ್ತದೆ.

ಎರಡು ಹೊಂಡಗಳನ್ನು ಮಾತ್ರ ನೋಡಿಕೊಂಡು ನಡೆಯಿರಿ. ಒಂದು, ಆ 499 ಓಮ್ ರೆಸಿಸ್ಟರ್. ಅದರ ಉಷ್ಣತಾ ಬದಲಾವಣೆ ನೇರವಾಗಿ ಗೇನ್ ಬದಲಾವಣೆ. 100 ಭಾಗದ್ದಾದರೆ 10 ಡಿಗ್ರಿಗೆ ಪೂರ್ಣ ತೂಕದಲ್ಲಿ 10 ಗ್ರಾಂ. 25 ಭಾಗ ಅಥವಾ ಅದಕ್ಕಿಂತ ಉತ್ತಮವಾದ ಮೆಟಲ್ ಫಿಲ್ಮ್ ಹಾಕಿ. ಎರಡನೆಯದು ರೆಫರೆನ್ಸ್ ಪಿನ್. ಒಂದೇ ಸಪ್ಲೈಯಲ್ಲಿ ನಡೆಸುವವರು ಅದಕ್ಕೆ ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳಿಂದ ಅರ್ಧ ವೋಲ್ಟೇಜ್ ಮಾಡಿ ನೇರ ಕೊಡುತ್ತಾರೆ. ಆ ಪಿನ್ ಒಳಗಿನ ಹೊಂದಿಸಿದ ರೆಸಿಸ್ಟರ್ ಜೋಡಿಯ ಒಂದು ಕಾಲು. ಅಲ್ಲಿಗೆ ಹೊರಗಿನಿಂದ 5 ಕಿಲೋ ಓಮ್ ಅಂಟಿಸಿದರೆ ಲೇಸರ್ ಕೆಲಸವೆಲ್ಲ ನೀರುಪಾಲು. ನಡುವೆ ಒಂದು ಬಫರ್ ಆಪ್-ಆಂಪ್ ಇಡಲೇಬೇಕು. ನನ್ನ ಮೇಜಿಗೆ ಬರುವ ‘ಕೆಟ್ಟ’ ಎಡಿ620 ಬೋರ್ಡುಗಳಲ್ಲಿ ಹಲವು ಈ ಒಂದು ಬಫರ್ ಇಲ್ಲದೆ ಬಂದವು.

ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ರೆಫರೆನ್ಸ್ ವೋಲ್ಟೇಜನ್ನು ಸೇತುವೆಗೆ ಕೊಡುವ ಅದೇ 5 ವೋಲ್ಟ್‌ನಿಂದ ತೆಗೆದುಕೊಳ್ಳಿ. ಪೂರೈಕೆ ಶೇಕಡಾ ಒಂದು ಕುಸಿದರೆ ಸಿಗ್ನಲ್ ಮತ್ತು ಅಳತೆಗೋಲು ಎರಡೂ ಒಟ್ಟಿಗೆ ಕುಸಿಯುತ್ತವೆ, ತೂಕ ಅಲುಗುವುದಿಲ್ಲ. ಇಷ್ಟು ಪುಕ್ಕಟೆಯ ನಿಖರತೆ ಎಲೆಕ್ಟ್ರಾನಿಕ್ಸ್‌ನಲ್ಲಿ ಇನ್ನೆಲ್ಲೂ ಸಿಗುವುದಿಲ್ಲ.

ಪ್ರಶ್ನೆ: 24 ಬಿಟ್ ಎಡಿಸಿ ಇರುವಾಗ ಆಂಪ್ಲಿಫೈಯರ್ ಏಕೆ ಬೇಕು?

ಉತ್ತರ: 5 ವೋಲ್ಟನ್ನು 24 ಬಿಟ್‌ಗೆ ಹಂಚಿದರೆ ಒಂದು ಮೆಟ್ಟಿಲು 0.3 ಮೈಕ್ರೋವೋಲ್ಟ್. ತಾಮ್ರ ಮತ್ತು ಸೀಸ-ತವರದ ಬೆಸುಗೆ ಸೇರುವಲ್ಲಿ ಒಂದು ಡಿಗ್ರಿ ವ್ಯತ್ಯಾಸವಿದ್ದರೆ 1ರಿಂದ 3 ಮೈಕ್ರೋವೋಲ್ಟ್ ಹುಟ್ಟುತ್ತದೆ. ಅಂದರೆ ಮೂರರಿಂದ ಹತ್ತು ಮೆಟ್ಟಿಲು, ಬೆಸುಗೆಯಿಂದಲೇ. ಎಡಿಸಿಯ ಸ್ವಂತ ಗದ್ದಲ ಬೇರೆ. ಜಾಹೀರಾತಿನ ಬಿಟ್‌ಗಳನ್ನು ಬಿಟ್ಟು, ಗದ್ದಲವಿಲ್ಲದ ಬಿಟ್‌ಗಳು ಎಷ್ಟು ಎಂದು ದತ್ತಪತ್ರದಲ್ಲಿ ಹುಡುಕಿ. ಅಂದಹಾಗೆ ಎಲ್ಲರೂ ತೂಕಕ್ಕೆ ಬಳಸುವ ಎಚ್‌ಎಕ್ಸ್711ರ ಒಳಗೂ 128 ಗೇನ್ ಇರುವ ಆಂಪ್ಲಿಫೈಯರ್ ಇದೆ. ಆಂಪ್ಲಿಫೈಯರ್ ಮಾಯವಾಗಿಲ್ಲ, ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ.

ಪ್ರಶ್ನೆ: ಒಂದೇ ಎಲ್‌ಎಂ358ರಲ್ಲಿ 1000 ಗೇನ್ ತೆಗೆಯಬಹುದೇ? ಶೇಕಡಾ 0.1 ನಿಖರತೆಯ ರೆಸಿಸ್ಟರ್‌ಗಳನ್ನೇ ಹಾಕಿದ್ದೇನೆ. ಆದರೂ ಗೇನ್ ಕಡಿಮೆ ಬರುತ್ತದೆ, ಸಿಗ್ನಲ್‌ನ ಆವರ್ತನ ಏರಿಸಿದರೆ ಇನ್ನೂ ಕಡಿಮೆ.
— ಪ್ರಯೋಗಾಲಯ ಸಹಾಯಕಿ

ಉತ್ತರ: 1927ರ ಆಗಸ್ಟ್ 2ರಂದು ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಕೆಲಸಕ್ಕೆ ಹೋಗುತ್ತಾ ಹಡ್ಸನ್ ನದಿ ದಾಟುವ ದೋಣಿಯಲ್ಲಿ, ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆ ಋಣ ಫೀಡ್‌ಬ್ಯಾಕ್‌ನ (ಔಟ್‌ಪುಟ್‌ನ ಒಂದು ಭಾಗವನ್ನು ತಿರುಗುಮುರುಗಾಗಿ ಇನ್‌ಪುಟ್‌ಗೆ ಮರಳಿಸುವುದು) ಚಿತ್ರ ಗೀಚಿದರು. ಬೇಕಾದ್ದಕ್ಕಿಂತ ಬಹಳ ಹೆಚ್ಚು ಗೇನ್ ಕಟ್ಟಿ, ಹೆಚ್ಚಿನದನ್ನು ಬಿಸಾಡಿ, ಬದಲಿಗೆ ನಿಖರತೆ ಪಡೆಯುವುದು ಅವರ ಉಪಾಯ. ಬಿಸಾಡಲು ನಿಮ್ಮಲ್ಲಿ ಎಷ್ಟು ಉಳಿದಿದೆ ಎಂದು ನೋಡೋಣ.

ಎಲ್‌ಎಂ358ರ ಸ್ವಂತ ಗೇನ್ ಸಾಮಾನ್ಯವಾಗಿ ಒಂದು ಲಕ್ಷ. ಅದರಲ್ಲಿ 1000 ಬಳಸಿದರೆ ಮಿಕ್ಕಿದ್ದು 100 ಪಟ್ಟು, ಆದ್ದರಿಂದ ತಪ್ಪು ಶೇಕಡಾ 1. ತಯಾರಕರು ಖಾತರಿ ಕೊಡುವ ಕನಿಷ್ಠ 25,000ವೇ ಆದರೆ ತಪ್ಪು ಶೇಕಡಾ 4. ಶೇಕಡಾ 0.1ರ ರೆಸಿಸ್ಟರ್‌ಗಳಿಗೆ ತೆತ್ತ ಹಣ ವ್ಯರ್ಥ. ಇದು ಡಿಸಿಯ ಕಥೆ. ಆವರ್ತನ ಏರಿದಂತೆ ಸ್ವಂತ ಗೇನ್ ಕರಗುತ್ತದೆ. ಗೇನ್ ಮತ್ತು ಬ್ಯಾಂಡ್‌ವಿಡ್ತ್‌ಗಳ (ಆಂಪ್ಲಿಫೈಯರ್ ನಿಭಾಯಿಸುವ ಆವರ್ತನದ ವ್ಯಾಪ್ತಿ) ಗುಣಲಬ್ಧ 1 ಮೆಗಾಹರ್ಟ್ಸ್ ಎಂದಿಟ್ಟುಕೊಂಡು 100 ಗೇನ್ ತೆಗೆದರೆ ‘ಬ್ಯಾಂಡ್‌ವಿಡ್ತ್ 10 ಕಿಲೋಹರ್ಟ್ಸ್’ ಎಂದು ಪುಸ್ತಕ ಹೇಳುತ್ತದೆ. ಆ 10 ಕಿಲೋಹರ್ಟ್ಸ್‌ನಲ್ಲಿ ಗೇನ್ ಶೇಕಡಾ 30 ಬಿದ್ದುಹೋಗಿರುತ್ತದೆ ಎಂಬುದನ್ನು ಓದುಗರು ಗಮನಿಸುವುದಿಲ್ಲ. 1 ಕಿಲೋಹರ್ಟ್ಸ್‌ನಲ್ಲೇ ಶೇಕಡಾ 0.5 ತಪ್ಪು. ಶೇಕಡಾ 0.1ರೊಳಗೆ ಇರಬೇಕೆಂದರೆ 450 ಹರ್ಟ್ಸ್ ಕೆಳಗೆ ಇರಿ.

ಹತ್ತರ ಗೇನ್ ಇರುವ ಎರಡು ಹಂತ ಮಾಡಿದರೆ ಅದೇ 1 ಕಿಲೋಹರ್ಟ್ಸ್‌ನಲ್ಲಿ ಎರಡೂ ಸೇರಿ ಶೇಕಡಾ 0.01. ಚಿಪ್ಪಿನಲ್ಲಿ ಇನ್ನೊಂದು ಆಪ್-ಆಂಪ್ ಹೇಗೂ ಸುಮ್ಮನೆ ಕುಳಿತಿದೆ, ಅದಕ್ಕೆ ಕೆಲಸ ಕೊಡಿ. 1000 ಬೇಕಿದ್ದರೆ ಮೂರು ಹಂತ.

ಪ್ರಶ್ನೆ: ಪಿಎಚ್ ಮೀಟರಿಗೆ ಟಿಎಲ್072 ಆಪ್-ಆಂಪ್ ಹಾಕಿದ್ದೇನೆ. ಬಿಸಿಲಿನಲ್ಲಿ ಒಂದು, ಮಳೆಯಲ್ಲಿ ಇನ್ನೊಂದು ತೋರಿಸುತ್ತದೆ.

ಉತ್ತರ: ಗಾಜಿನ ವಿದ್ಯುದಗ್ರದ ಒಳ ಪ್ರತಿರೋಧವನ್ನು 100 ಮೆಗಾ ಓಮ್ ಎಂದು ಹಿಡಿಯೋಣ. ಪಿಎಚ್ ಒಂದು ಅಂಕ ಬದಲಾದರೆ 25 ಡಿಗ್ರಿಯಲ್ಲಿ 59 ಮಿಲಿವೋಲ್ಟ್. ಟಿಎಲ್072ರ ಬಯಾಸ್ ಕರೆಂಟ್ (ಇನ್‌ಪುಟ್ ಪಿನ್ನಿನಲ್ಲಿ ಹರಿಯುವ ಪುಟ್ಟ ಕರೆಂಟ್) ಸಾಮಾನ್ಯವಾಗಿ 65 ಪಿಕೋಆಂಪಿಯರ್, 100 ಮೆಗಾ ಓಮ್‌ನಲ್ಲಿ ಅದು 6.5 ಮಿಲಿವೋಲ್ಟ್, ಪಿಎಚ್‌ನಲ್ಲಿ 0.11. ಈ ಕರೆಂಟ್ ಪ್ರತಿ 10 ಡಿಗ್ರಿಗೆ ಇಮ್ಮಡಿಯಾಗುತ್ತದೆ. 20 ಡಿಗ್ರಿ ಏರಿದರೆ ತಪ್ಪು 0.44. ಬಿಸಿಲಿನ ಲೆಕ್ಕ ಇದು.

ಮಳೆಯ ಲೆಕ್ಕ ಬೋರ್ಡಿನ ಮೇಲ್ಮೈಯದು. ಇನ್‌ಪುಟ್ ಪಿನ್ 3ರ ಪಕ್ಕದಲ್ಲೇ ಪಿನ್ 4, ಅಲ್ಲಿ ಋಣ ಸಪ್ಲೈ. ಅವೆರಡರ ನಡುವೆ ಬೆವರು, ಫ್ಲಕ್ಸ್, ತೇವ ಸೇರಿ 100 ಗಿಗಾ ಓಮ್ ಸೋರಿಕೆ ಆದರೂ 15 ವೋಲ್ಟ್‌ಗೆ 150 ಪಿಕೋಆಂಪಿಯರ್ ಹರಿಯುತ್ತದೆ: ಕಾಲು ಪಿಎಚ್. ನಿಮ್ಮ ಮಲ್ಟಿಮೀಟರ್ ಅಲ್ಲಿ ‘ತೆರೆದಿದೆ’ ಎಂದೇ ತೋರಿಸುತ್ತದೆ.

ಎಲ್‌ಎಂಸಿ6001 ಹಾಕಿ, ಅದರ ಬಯಾಸ್ ಕರೆಂಟ್ 25 ಡಿಗ್ರಿಯಲ್ಲಿ ಹೆಚ್ಚೆಂದರೆ 25 ಫೆಮ್ಟೋಆಂಪಿಯರ್. ಇನ್‌ಪುಟ್ ಪಿನ್ನನ್ನು ಬೋರ್ಡಿಗೆ ಮುಟ್ಟಿಸದೆ ಮೇಲಕ್ಕೆ ಬಾಗಿಸಿ, ಟೆಫ್ಲಾನ್ ಗೂಟದ ಮೇಲೆ ಬೆಸೆಯಿರಿ. ಬೋರ್ಡಿನ ಮೇಲೇ ಇಡುವುದಾದರೆ ಇನ್‌ಪುಟ್ ಸುತ್ತ ತಾಮ್ರದ ಕಾವಲು ಉಂಗುರ ಮಾಡಿ ಬಫರಿನ ಔಟ್‌ಪುಟ್‌ಗೆ ಜೋಡಿಸಿ. ಎರಡೂ ಒಂದೇ ವೋಲ್ಟೇಜಿನಲ್ಲಿದ್ದರೆ ಸೋರಲು ಕಾರಣವೇ ಇರುವುದಿಲ್ಲ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ, ಆಮೇಲೆ ಬೆರಳು ತಾಗಿಸಬೇಡಿ.

ಪ್ರಶ್ನೆ: ಇಸಿಜಿ ಪ್ರಾಜೆಕ್ಟ್. ಸಿಗ್ನಲ್ 1 ಮಿಲಿವೋಲ್ಟ್ ಎಂದು ಓದಿ ಎಡಿ620ಗೆ 1000 ಗೇನ್ ಇಟ್ಟೆ. ಔಟ್‌ಪುಟ್ ಸಪ್ಲೈಗೆ ಅಂಟಿಕೊಂಡು ಅಲುಗುವುದೇ ಇಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಸಿಗ್ನಲ್ 1 ಮಿಲಿವೋಲ್ಟ್ ಸರಿ. ಆದರೆ ಚರ್ಮಕ್ಕೆ ಅಂಟಿಸಿದ ಎರಡು ಎಲೆಕ್ಟ್ರೋಡ್‌ಗಳ ನಡುವೆ 300 ಮಿಲಿವೋಲ್ಟ್‌ವರೆಗೆ ಡಿಸಿ ವ್ಯತ್ಯಾಸ ಇರಬಹುದು. ಅದನ್ನು ಸಾವಿರ ಪಟ್ಟು ಮಾಡಿದರೆ 300 ವೋಲ್ಟ್, ನಿಮ್ಮ ಚಿಪ್ ಪಾಪ ಎಲ್ಲಿಂದ ತರಬೇಕು? ಮೊದಲ ಹಂತದ ಗೇನ್ ಹತ್ತರೊಳಗೆ ಇಡಿ. ಆಮೇಲೆ ಕೆಪಾಸಿಟರ್ ಇಟ್ಟು ಡಿಸಿ ಕತ್ತರಿಸಿ. ಬಡಿತ ನೋಡುವುದಕ್ಕಷ್ಟೇ ಆದರೆ 0.5 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಸಾಕು, ಅಲೆಯ ಆಕಾರ ಕೆಡಬಾರದೆಂದರೆ 0.05. ಉಳಿದ ನೂರು ಪಟ್ಟು ಆ ನಂತರ. ಕೆಪಾಸಿಟರನ್ನು ಎಡಿ620ಕ್ಕಿಂತ ಮೊದಲೇ ಇಡುವ ಬುದ್ಧಿವಂತಿಕೆ ಬೇಡ. ಅದರ ಇನ್‌ಪುಟ್ ಬಯಾಸ್ ಕರೆಂಟಿಗೆ ನೆಲದ ದಾರಿ ಇಲ್ಲದಿದ್ದರೆ ಔಟ್‌ಪುಟ್ ಮತ್ತೆ ಹೋಗಿ ಸಪ್ಲೈಗೆ ಅಂಟಿಕೊಳ್ಳುತ್ತದೆ.

ಬ್ಯಾಟರಿಯಲ್ಲಿ ಮಾತ್ರ ನಡೆಸಿ. ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿಗೂ, ಗೋಡೆಯ ಪ್ಲಗ್ಗಿನಲ್ಲಿರುವ ಆಸಿಲೋಸ್ಕೋಪಿಗೂ ಜೋಡಿಸಬೇಡಿ. ಎದೆಯ ಮೇಲೆ ತಂತಿ ಇರುವಾಗ ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಪ್ರಶ್ನೆ: 741 ಆಪ್-ಆಂಪ್ ಈಗಲೂ ಬಳಸಬಹುದೇ?

ಉತ್ತರ: 1968ರಲ್ಲಿ ಫೇರ್‌ಚೈಲ್ಡ್‌ನಲ್ಲಿ ಡೇವ್ ಫುಲಗರ್ ವಿನ್ಯಾಸ ಮಾಡಿದ ಚಿಪ್ ಅದು, ಸ್ಥಿರತೆಗೆ ಬೇಕಾದ ಕೆಪಾಸಿಟರನ್ನು ಒಳಗೇ ಇಟ್ಟಿದ್ದರಿಂದ ಎಲ್ಲರ ಮನೆಮಾತಾಯಿತು. ಪಾಠ ಮಾಡಲು ಬಳಸಿ. ಆಫ್‌ಸೆಟ್ 6 ಮಿಲಿವೋಲ್ಟ್‌ವರೆಗೆ ಇರಬಹುದಾದ ಚಿಪ್ಪಿನಿಂದ ಮೈಕ್ರೋವೋಲ್ಟ್ ಅಳೆಯಬೇಡಿ.

ಪ್ರಶ್ನೆ: ಆಂಪ್ಲಿಫೈಯರ್ ಮೇಜಿನ ಮೇಲೆ ಸರಿಯಾಗಿ ಓದುತ್ತದೆ. ಔಟ್‌ಪುಟ್‌ಗೆ 3 ಮೀಟರ್ ಶೀಲ್ಡ್ ಕೇಬಲ್ ಹಾಕಿದ ತಕ್ಷಣ ಡಿಸಿ ಓದು ಕೆಲವು ಮಿಲಿವೋಲ್ಟ್ ಜಿಗಿಯುತ್ತದೆ. ಕೇಬಲ್‌ನ ಪ್ರತಿರೋಧ ಒಂದು ಓಮೂ ಇಲ್ಲ.

ಉತ್ತರ: ಪ್ರತಿರೋಧವಲ್ಲ, ಕೆಪಾಸಿಟೆನ್ಸ್. ಇಂಥ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, ನಿಮ್ಮದು 300. ಆಪ್-ಆಂಪ್ ಅದನ್ನು ತಳ್ಳಲಾರದೆ ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಆಂದೋಲಿಸುತ್ತಿರಬೇಕು. ಮೀಟರ್ ಆ ಗಲಾಟೆಯ ಸರಾಸರಿಯನ್ನು ಡಿಸಿ ಎಂದು ತೋರಿಸುತ್ತದೆ. ಔಟ್‌ಪುಟ್ ಪಿನ್ನಿಗೆ ಹತ್ತಿರದಲ್ಲೇ, ಕೇಬಲ್‌ಗಿಂತ ಮೊದಲು, 100 ಓಮ್ ರೆಸಿಸ್ಟರ್ ಸರಣಿಯಲ್ಲಿ ಇಡಿ. ಹತ್ತು ಮೆಗಾ ಓಮ್ ಮೀಟರಿಗೆ ಆ ನೂರು ಓಮ್ ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟೇ ತಪ್ಪು ತರುತ್ತದೆ. ಗುಮಾನಿ ಸರಿಯೇ ಎಂದು ಆಸಿಲೋಸ್ಕೋಪಿನಲ್ಲಿ ನೋಡುವಾಗ ಪ್ರೋಬನ್ನು ಹತ್ತರ ಸ್ಥಾನದಲ್ಲಿಡಿ. ಒಂದರ ಸ್ಥಾನದಲ್ಲಿ ಪ್ರೋಬಿನ ಕೇಬಲ್ಲೇ ಇನ್ನೊಂದು ನೂರು ಪಿಕೋಫ್ಯಾರಡ್ ಹೇರಿ, ಇಲ್ಲದ ಆಂದೋಲನವನ್ನೂ ಹುಟ್ಟಿಸಬಲ್ಲದು.